ಮೊದಲು ಚರ್ಮದ ಮಾತು, ಆಮೇಲೆ ಇಂಪ್ಲಾಂಟ್ ಮಾತು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಕ್ಯಾನ್ಸರ್‌ಗಾಗಿ ಸ್ತನ ತೆಗೆಸಿದ ಮೇಲೆ ಇಂಪ್ಲಾಂಟ್, ಅಂದರೆ ಎದೆಯೊಳಗೆ ಕೂರಿಸುವ ಸಿಲಿಕೋನ್ ಚೀಲ, ಇಟ್ಟು ಮತ್ತೆ ಕಟ್ಟಿಸಿಕೊಳ್ಳುವುದು ಹೇಗೆ, ಯಾವ ರೀತಿ ಒಳ್ಳೆಯದು ಅಂತ. ನಾನು ಹುಬ್ಬಳ್ಳಿಯಲ್ಲಿ ಪ್ಲಾಸ್ಟಿಕ್ ಸರ್ಜನ್. ದಿನಾ ಇದೇ ಪ್ರಶ್ನೆ ಕೇಳಿಸಿಕೊಳ್ಳುತ್ತೇನೆ. ಅದಕ್ಕೇ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವತ್ತು ಇದನ್ನೇ ಬಿಡಿಸಿ ಹೇಳುತ್ತೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನನಗೆ 44 ವರ್ಷ. ಗದಗಿನಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಎಡಗಡೆ ಎರಡು ಕಡೆ ಗಂಟು ಇದೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಕಂಕುಳಲ್ಲೂ ಒಂದು ಗಂಟಿಗೆ ಹರಡಿದೆ. ಪೂರ್ತಿ ಸ್ತನ ತೆಗೆಯಬೇಕು ಅಂದಿದ್ದಾರೆ. ಒಬ್ಬ ಸರ್ಜನ್, ‘ಎದೆ ಸ್ನಾಯುವಿನ ಕೆಳಗೆ ಎಕ್ಸ್‌ಪಾಂಡರ್ (ಚರ್ಮ ಹಿಗ್ಗಿಸುವ ಚೀಲ) ಇಟ್ಟು ಎರಡು ಹಂತದಲ್ಲಿ ಮಾಡೋಣ’ ಅಂದರು. ಇನ್ನೊಬ್ಬರು, ‘ಸ್ನಾಯು ಮುಟ್ಟೋದೇ ಬೇಡ, ಅದರ ಮೇಲೆ ಒಂದೇ ಸಲಕ್ಕೆ ಇಂಪ್ಲಾಂಟ್ ಇಟ್ಟು ಮುಗಿಸೋಣ’ ಅಂದರು. ನನಗೆ ಸಕ್ಕರೆ ಕಾಯಿಲೆ ಇದೆ. ನಮ್ಮ ಅತ್ತೆಯವರು ‘ಮಕ್ಕಳು ದೊಡ್ಡವ್ರಾಗ್ಯಾರ, ಈಗ್ಯಾಕ ಬೇಕವಾ ಅದೆಲ್ಲಾ’ ಅಂತಾರೆ. ಯಾವುದು ಒಳ್ಳೆಯದು ಮೇಡಂ?

ಉತ್ತರ: ಅಕ್ಕೋರೇ, ಇಬ್ಬರು ಡಾಕ್ಟರು ಹೇಳಿದ್ದೂ ತಪ್ಪು ಆಪರೇಷನ್ ಅಲ್ಲ, ನಿಮಗೆ ಯಾವುದು ಹೊಂದುತ್ತದೆ ಅನ್ನುವುದು ಬೇರೆ ಮಾತು. ಎರಡೂ ರೀತಿ ಇವತ್ತು ಚಾಲ್ತಿಯಲ್ಲಿವೆ. ನಿಮಗೆ ಗೊಂದಲ ಆಗಿರುವುದು ಎರಡು ಬೇರೆ ಬೇರೆ ಪ್ರಶ್ನೆ ಒಂದರಲ್ಲೊಂದು ಸೇರಿಕೊಂಡಿರುವುದರಿಂದ. ಒಂದೇ ಸಲಕ್ಕೋ ಎರಡು ಸಲಕ್ಕೋ, ಇದು ಒಂದು ಪ್ರಶ್ನೆ. ಸ್ನಾಯುವಿನ ಮೇಲೋ ಕೆಳಗೋ, ಇದು ಇನ್ನೊಂದು. ಸ್ನಾಯುವಿನ ಮೇಲೆಯೂ ಎಕ್ಸ್‌ಪಾಂಡರ್ ಇಡಬಹುದು. ಸ್ನಾಯುವಿನ ಕೆಳಗೂ ಒಂದೇ ಸಲಕ್ಕೆ ಇಂಪ್ಲಾಂಟ್ ಇಡಬಹುದು. ಬಿಡಿಬಿಡಿಯಾಗಿ ನೋಡೋಣ.

ಮೊದಲು ಜಾಗದ ಮಾತು. ಎದೆಯ ಮೇಲೆ ಎರಡೂ ಕಡೆ ಬೀಸಣಿಗೆ ಆಕಾರದ ದೊಡ್ಡ ಸ್ನಾಯು ಇದೆ. ಎರಡು ಅಂಗೈ ಸೊಂಟಕ್ಕೆ ಒತ್ತಿ ಹಿಡಿದು ಕನ್ನಡಿ ನೋಡಿ, ಅದು ಬಿಗಿಯುವುದು ಕಾಣಿಸುತ್ತದೆ. ತುಂಬಾ ವರ್ಷ ಇಂಪ್ಲಾಂಟ್ ಇಡುತ್ತಿದ್ದುದು ಇದರ ಕೆಳಗೇ. ಚರ್ಮ ಮತ್ತು ಇಂಪ್ಲಾಂಟ್ ನಡುವೆ ರಕ್ತ ಓಡುವ ಒಂದು ದಪ್ಪ ಪದರ ಸಿಗುತ್ತದೆ, ಇಂಪ್ಲಾಂಟಿನ ಮೇಲಂಚು ಎದ್ದು ಕಾಣುವುದಿಲ್ಲ. ಇದು ಅದರ ಲಾಭ. ನಷ್ಟವೂ ಇದೆ. ಸ್ನಾಯುವನ್ನು ಕೆಳಗಿನ ಪಕ್ಕೆಲುಬಿನ ಹತ್ತಿರ ಬಿಡಿಸಬೇಕಾಗುತ್ತದೆ. ಹಾಗಾಗಿ ಮೊದಲ ವಾರಗಳಲ್ಲಿ ನೋವು ಜಾಸ್ತಿ. ಗಾಯ ಮಾಗಿದ ಮೇಲೂ ಸ್ನಾಯು ಬಿಗಿದಾಗಲೆಲ್ಲ ಇಂಪ್ಲಾಂಟ್ ಮೇಲಕ್ಕೋ ಪಕ್ಕಕ್ಕೋ ಜಗ್ಗುತ್ತದೆ.

ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಜೋಳದ ರೊಟ್ಟಿ ಬಡಿಯುವಾಗ, ಒದ್ದೆ ಬಟ್ಟೆ ಹಿಂಡುವಾಗ, ತುಂಬಿದ ಕೊಡ ಎತ್ತುವಾಗ ಕೆಲಸ ಮಾಡುವುದು ಇದೇ ಸ್ನಾಯು. ಹಳ್ಳಿಯಿಂದ ಬರುವ ಎಷ್ಟೋ ತಾಯಂದಿರು ನನಗೆ ಹೇಳುವುದು ಅದನ್ನೇ. ‘ಸುಮ್ನೆ ಕೂತಾಗ ಏನೂ ಇಲ್ಲರೀ, ರೊಟ್ಟಿಗೆ ಕುಂತ್ರ ಕುಣೀತದ.’ ನೋಡುವವರಿಗೆ ಕುಬಸದೊಳಗೆ ಏನೂ ಗೊತ್ತಾಗುವುದಿಲ್ಲ. ಆದರೆ ಅವರಿಗೆ ಪ್ರತಿ ರೊಟ್ಟಿಗೂ ಗೊತ್ತಾಗುತ್ತದೆ. ನಿಮ್ಮ ದಿನದ ಕೆಲಸ ಏನೇನು ಅಂತ ಸರ್ಜನ್ ಕೇಳದಿದ್ದರೆ ನೀವೇ ಹೇಳಿ.

ಸ್ನಾಯುವಿನ ಮೇಲೆ, ಅಂದರೆ ಚರ್ಮದ ಅಡಿಗೇ ಇಟ್ಟರೆ ಈ ಕುಣಿತ ಇಲ್ಲ. ನೋವು ಕಡಿಮೆ. ಕೈ ಬೇಗ ಮೇಲೆ ಏಳುತ್ತದೆ. ಈಚಿನ ವರ್ಷಗಳಲ್ಲಿ ಎಲ್ಲ ಕಡೆ ಇದರತ್ತ ಒಲವು ಹೆಚ್ಚಿರುವುದು ಅದಕ್ಕೇ. ಆದರೆ ಇಲ್ಲಿ ಪೂರ್ತಿ ಭಾರ ಚರ್ಮದ ಮೇಲೆ. ಕ್ಯಾನ್ಸರ್ ಸರ್ಜನ್ ಸ್ತನದ ಗ್ರಂಥಿ ಎಲ್ಲ ತೆಗೆದ ಮೇಲೆ ಚರ್ಮ, ಅದರ ಅಡಿಗೆ ತೆಳ್ಳಗೆ ಕೊಬ್ಬು, ಅಷ್ಟೇ ಉಳಿಯುವುದು. ಕೆಲವರಲ್ಲಿ ಆ ಪದರ ಒಂದು ಸೆಂಟಿಮೀಟರ್ ಇರುತ್ತದೆ, ಕೆಲವರಲ್ಲಿ ಅದರ ಅರ್ಧವೂ ಇರುವುದಿಲ್ಲ. ತೆಳ್ಳಗಿದ್ದರೆ ಇಂಪ್ಲಾಂಟಿನ ಅಂಚು, ಮಡಿಕೆ ಹೊರಗೆ ಕಾಣಿಸುತ್ತವೆ, ಅದರಲ್ಲೂ ಮುಂದಕ್ಕೆ ಬಾಗಿದಾಗ. ಆಮೇಲೆ ಹೊಟ್ಟೆಯಿಂದಲೋ ತೊಡೆಯಿಂದಲೋ ಕೊಬ್ಬು ತೆಗೆದು ಅಲ್ಲಿಗೆ ತುಂಬಿ ಸರಿ ಮಾಡಬಹುದು, ಆದರೆ ಅದು ಇನ್ನೊಂದು ಆಪರೇಷನ್. ಅಂಚು ಕಾಣುವುದಕ್ಕಿಂತ ದೊಡ್ಡ ಚಿಂತೆ ರಕ್ತದ್ದು. ಚರ್ಮಕ್ಕೆ ರಕ್ತ ಸಾಲದೆ ಒಂದು ಕಡೆ ಕಪ್ಪಾಗಿ ಗಾಯ ಬಾಯಿ ಬಿಟ್ಟರೆ, ಅದರ ಹಿಂದೆ ಸ್ನಾಯು ಇಲ್ಲ, ನೇರವಾಗಿ ಇಂಪ್ಲಾಂಟೇ ಇದೆ. ಸೋಂಕಾದರೆ ಇಂಪ್ಲಾಂಟ್ ತೆಗೆಯಬೇಕಾಗಬಹುದು. ನಿಮ್ಮ ಕಿಮೋ ಕೂಡ ಮುಂದಕ್ಕೆ ಹೋಗಬಹುದು. ಕ್ಯಾನ್ಸರ್ ಚಿಕಿತ್ಸೆ ತಡವಾಗುವ ಯಾವ ದಾರಿಯನ್ನೂ ನಾನು ಒಪ್ಪುವುದಿಲ್ಲ.

ಸ್ನಾಯುವಿನ ಮೇಲೆ ಇಡುವಾಗ ಸಾಮಾನ್ಯವಾಗಿ ಇಂಪ್ಲಾಂಟಿಗೆ ಒಂದು ಹಾಳೆ ಸುತ್ತುತ್ತಾರೆ. ಮನುಷ್ಯರ, ಹಂದಿಯ ಅಥವಾ ದನದ ಚರ್ಮದಿಂದ ಜೀವಕೋಶ ಎಲ್ಲ ತೆಗೆದು ಮಾಡಿದ ಹಾಳೆ ಅದು. ಎಡಿಎಮ್ ಅಂತಾರೆ. ಕುಬಸಕ್ಕೆ ಅಸ್ತರು ಕೊಟ್ಟ ಹಾಗೆ ಒಳಗಿನಿಂದ ಇಂಪ್ಲಾಂಟನ್ನು ಹಿಡಿದಿಡುತ್ತದೆ, ನಿಧಾನಕ್ಕೆ ನಮ್ಮದೇ ರಕ್ತನಾಳ ಅದರೊಳಗೆ ಬೆಳೆಯುತ್ತದೆ. ಸ್ನಾಯುವಿನ ಕೆಳಗೆ ಇಡುವಾಗಲೂ ಕೆಳಗಿನ ಅರ್ಧಕ್ಕೆ ಇದನ್ನು ಹೊಲಿಯುವುದುಂಟು. ತೊಂದರೆ ಎಂದರೆ ಬೆಲೆ. ನಮ್ಮಲ್ಲಿ ತುಂಬಾ ದುಬಾರಿ. ನೀರು ತುಂಬಿಕೊಳ್ಳುವುದೂ ಸ್ವಲ್ಪ ಜಾಸ್ತಿ, ಹಾಗಾಗಿ ಡ್ರೈನ್ ಪೈಪು ಹೆಚ್ಚು ದಿನ ಇರಬೇಕಾಗಬಹುದು. ಯಾವ ಪ್ರಾಣಿಯದ್ದು ಅನ್ನುವುದು ಕೆಲವರಿಗೆ ಮನಸ್ಸಿಗೆ ಹತ್ತುವ ವಿಷಯ. ಮೊದಲೇ ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಇದರ ಬದಲು ಸಿಂಥೆಟಿಕ್ ಮೆಶ್, ಅಂದರೆ ಕೃತಕ ಬಲೆ, ಕೂಡ ಇದೆ, ಬೆಲೆ ಕಡಿಮೆ. ಸ್ತನ ದೊಡ್ಡದಿದ್ದು ಜೋತುಬಿದ್ದಿದ್ದರೆ ಇನ್ನೊಂದು ದಾರಿ ಇದೆ, ನನಗೆ ಬಹಳ ಇಷ್ಟದ್ದು. ಕೆಳಭಾಗದಲ್ಲಿ ಹೆಚ್ಚಾಗಿರುವ ಚರ್ಮವನ್ನು ಕತ್ತರಿಸಿ ಎಸೆಯುವುದರ ಬದಲು ಮೇಲ್ಪದರ ಕೆರೆದು ತೆಗೆದು, ಅದನ್ನೇ ಒಳಗೆ ಮಡಚಿ ಇಂಪ್ಲಾಂಟಿಗೆ ಆಸರೆ ಮಾಡುವುದು. ರಕ್ತ ಓಡುವ ಸ್ವಂತ ಚರ್ಮ, ಖರ್ಚಿಲ್ಲ. ನಮ್ಮ ಭಾಗದವರಿಗೆ ಇದನ್ನು ಇನ್ನೂ ಜಾಸ್ತಿ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಒಂದು ಸಲವೋ ಎರಡು ಸಲವೋ. ಒಂದೇ ಸಲ ಅನ್ನುವುದು ಕೇಳಲಿಕ್ಕೆ ಚೆಂದ. ಚರ್ಮ ಸಾಕಷ್ಟು ಉಳಿದು, ರಕ್ತ ಚೆನ್ನಾಗಿ ಓಡುತ್ತಿದ್ದು, ಸ್ತನ ತೀರ ದೊಡ್ಡದಲ್ಲದಿದ್ದರೆ ನಿಜಕ್ಕೂ ಚೆಂದವೇ. ಆದರೆ ಆಗತಾನೇ ಗ್ರಂಥಿ ಕಳೆದುಕೊಂಡ ಚರ್ಮದ ಮೇಲೆ ಮೊದಲ ದಿನವೇ ಪೂರ್ತಿ ಇಂಪ್ಲಾಂಟಿನ ಒತ್ತಡ ಬೀಳುತ್ತದೆ. ಎಕ್ಸ್‌ಪಾಂಡರ್ ಇಟ್ಟರೆ ಆ ಒತ್ತಡ ನಮ್ಮ ಕೈಯಲ್ಲಿರುತ್ತದೆ. ಮೊದಲು ಅರೆಬರೆ ತುಂಬಿ, ಗಾಯ ಮಾಗಿದ ಮೇಲೆ ಸ್ವಲ್ಪ ಸ್ವಲ್ಪವೇ ಹಿಗ್ಗಿಸಬಹುದು.

ಅದು ಹೇಗೆ ಅಂತ ನನ್ನ ಓಪಿಡಿಯಲ್ಲಿ ಎಲ್ಲರೂ ಹೆದರಿಕೊಂಡೇ ಕೇಳುತ್ತಾರೆ. ಎಕ್ಸ್‌ಪಾಂಡರ್ ಅಂದರೆ ಖಾಲಿ ಸಿಲಿಕೋನ್ ಚೀಲ. ಅದರಲ್ಲಿ ರೂಪಾಯಿ ಬಿಲ್ಲೆಗಿಂತ ಸ್ವಲ್ಪ ದೊಡ್ಡ ಲೋಹದ ಪೋರ್ಟ್, ಅಂದರೆ ಸೂಜಿ ಚುಚ್ಚುವ ಬಾಯಿ, ಇರುತ್ತದೆ. ಹೊರಗಿಂದ ಒಂದು ಪುಟ್ಟ ಅಯಸ್ಕಾಂತ ತೂಗುವ ಸಾಧನ ಹಿಡಿದು ಚರ್ಮದ ಮೇಲೆ ಮೆಲ್ಲಗೆ ಆಡಿಸುತ್ತೇವೆ. ಪೋರ್ಟಿನ ನೇರಕ್ಕೆ ಬಂದ ಕೂಡಲೇ ಅಯಸ್ಕಾಂತ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಪೆನ್ನಿನಿಂದ ಗುರುತು ಹಾಕಿ, ಸಣ್ಣ ಸೂಜಿಯಿಂದ 50, 60 ಎಂ.ಎಲ್. ಸಲೈನ್ ಬಿಡುತ್ತೇವೆ. ಅಲ್ಲಿ ಸ್ಪರ್ಶ ಕಡಿಮೆಯಾಗಿರುವುದರಿಂದ ಸೂಜಿ ಬಹಳ ಜನಕ್ಕೆ ಗೊತ್ತೇ ಆಗುವುದಿಲ್ಲ. ಒಂದೆರಡು ದಿನ ಎದೆ ಬಿಗಿದ ಹಾಗೆ ಇರುತ್ತದೆ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹೀಗೆ ತುಂಬಿ, ಬೇಕಾದ ಗಾತ್ರ ಬಂದ ಕೆಲವು ತಿಂಗಳ ಮೇಲೆ ಚಿಕ್ಕ ಆಪರೇಷನ್‌ನಲ್ಲಿ ಅದನ್ನು ತೆಗೆದು ಖಾಯಂ ಇಂಪ್ಲಾಂಟ್ ಇಡುತ್ತೇವೆ. ಪೋರ್ಟಿನಲ್ಲಿ ಅಯಸ್ಕಾಂತ ಇರುವ ಎಕ್ಸ್‌ಪಾಂಡರ್ ಒಳಗಿದ್ದಾಗ ಎಂಆರ್‌ಐ ಮಾಡಿಸಬಾರದು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಇದನ್ನು ಹೇಳಬೇಕು. ಗದಗಿನಿಂದ ಹುಬ್ಬಳ್ಳಿಗೆ ಓಡಾಟ, ಶಾಲೆಗೆ ರಜೆ, ಜೊತೆಗೆ ಬರಲು ಒಬ್ಬರು, ಇವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಕಂಕುಳಿನ ಗಂಟು. ಅದಿದ್ದರೆ ಆಪರೇಷನ್ ಆದಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಡುವ ಸಂಭವ ಹೆಚ್ಚು. ಇಂಪ್ಲಾಂಟಿಗೆ ರೇಡಿಯೇಷನ್‌ನಷ್ಟು ತೊಂದರೆ ಕೊಡುವುದು ಬೇರೆ ಇಲ್ಲ. ಇಂಪ್ಲಾಂಟ್ ಇಟ್ಟ ಎಲ್ಲರಲ್ಲೂ ದೇಹ ಅದರ ಸುತ್ತ ತೆಳ್ಳನೆ ಪೊರೆ ಕಟ್ಟುತ್ತದೆ, ಅದು ಸಹಜ. ರೇಡಿಯೇಷನ್ ಬಿದ್ದ ಕಡೆ ಆ ಪೊರೆ ದಪ್ಪಗಾಗಿ ಬಿಗಿಯುತ್ತದೆ. ಸ್ತನ ಗಟ್ಟಿಯಾಗಿ, ಮೇಲಕ್ಕೆ ಎಳೆದುಕೊಂಡು, ಕೆಲವರಲ್ಲಿ ನೋಯುತ್ತದೆ. ಈ ಬಿಗಿತವನ್ನು ಬೇಕರ್ ಅಳತೆ ಅಂತ 1ರಿಂದ 4ರವರೆಗೆ ಗುರುತಿಸುತ್ತಾರೆ. 3 ಮತ್ತು 4ಕ್ಕೆ ಮತ್ತೆ ಆಪರೇಷನ್ ಬೇಕಾಗಬಹುದು. ಗಾಯ ಮಾಗದಿರುವುದು, ಸೋಂಕು, ಇಂಪ್ಲಾಂಟ್ ಕಳೆದುಕೊಳ್ಳುವುದು, ಎಲ್ಲವೂ ರೇಡಿಯೇಷನ್ ಜೊತೆ ಜಾಸ್ತಿ. ಮೇಲೆ ಇಟ್ಟರೂ ಅಷ್ಟೇ, ಕೆಳಗೆ ಇಟ್ಟರೂ ಅಷ್ಟೇ. ಹಾಗಂತ ರೇಡಿಯೇಷನ್ ಬೇಡ ಅನ್ನಬೇಡಿ. ಜೀವ ಮೊದಲು.

ಹಾಗಾದರೆ ನಾನಾದರೆ ಏನು ಹೇಳುತ್ತಿದ್ದೆ? ರೇಡಿಯೇಷನ್ ಖಂಡಿತ ಅಂತಿದ್ದರೆ ನಿಮಗೆ ಒಂದೇ ಸಲಕ್ಕೆ ಖಾಯಂ ಇಂಪ್ಲಾಂಟ್ ಇಡಲು ನಾನು ಮುಂದಾಗುವುದಿಲ್ಲ. ಚರ್ಮ ಉಳಿಸಿ ತಾತ್ಕಾಲಿಕವಾಗಿ ಎಕ್ಸ್‌ಪಾಂಡರ್ ಇಟ್ಟು, ಎಲ್ಲ ಚಿಕಿತ್ಸೆ ಮುಗಿದ ಮೇಲೆ ಚರ್ಮ ಹೇಗಿದೆ ನೋಡಿ ಮುಂದಿನದು ತೀರ್ಮಾನಿಸುತ್ತೇನೆ. ಅಥವಾ ಈಗ ಏನೂ ಇಡದೆ, ರೇಡಿಯೇಷನ್ ಮುಗಿದು ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ನಿಮ್ಮದೇ ಹೊಟ್ಟೆಯ ಚರ್ಮ ಮತ್ತು ಕೊಬ್ಬಿನಿಂದ ಕಟ್ಟುತ್ತೇನೆ. ರೇಡಿಯೇಷನ್ ಬಿದ್ದ ಎದೆಗೆ ಸ್ವಂತ ಮಾಂಸ ಒಗ್ಗುವಷ್ಟು ಸಿಲಿಕೋನ್ ಒಗ್ಗುವುದಿಲ್ಲ. ರೇಡಿಯೇಷನ್ ಬೇಡ ಅಂತ ತೀರ್ಮಾನವಾದರೆ ಮಾತೇ ಬೇರೆ. ಆಗ ಚರ್ಮದ ದಪ್ಪ ನೋಡಿ, ಸ್ನಾಯುವಿನ ಮೇಲೆ ಇಡುವುದಕ್ಕೇ ನನ್ನ ಮೊದಲ ಓಟು.

ಎರಡನೆಯದು ಸಕ್ಕರೆ. ಮೂರು ತಿಂಗಳ ಸರಾಸರಿ, ಎಚ್‌ಬಿಎ1ಸಿ, 7ರ ಆಸುಪಾಸಿಗೆ ಬರಲಿ. ಕಂಕುಳಿಗೆ ಹರಡಿದ್ದರೆ ಎಷ್ಟೋ ಸಲ ಆಪರೇಷನ್‌ಗೆ ಮೊದಲೇ ಕಿಮೋ ಕೊಡುತ್ತಾರೆ. ನಿಮಗೂ ಹಾಗೆ ಮಾಡುತ್ತಾರಾ ಕೇಳಿ. ಮಾಡಿದರೆ ಸಕ್ಕರೆ ಹತೋಟಿಗೆ ತರಲು ಸಮಯ ಸಿಗುತ್ತದೆ. ಆದರೆ ಕಿಮೋ ಜೊತೆ ಕೊಡುವ ಸ್ಟಿರಾಯ್ಡ್‌ನಿಂದ ಸಕ್ಕರೆ ಏರುತ್ತದೆ, ಆ ದಿನಗಳಲ್ಲಿ ಮನೆಯಲ್ಲೇ ಚೆಕ್ ಮಾಡಿಕೊಳ್ಳಿ. ಇದು ನಿಮಗಲ್ಲದಿದ್ದರೂ ಓದುವ ಬೇರೆಯವರಿಗೆ: ತಂಬಾಕು ಜಗಿಯುವುದು, ತಂಬಾಕಿನ ಪುಡಿ ಹಲ್ಲಿಗೆ ತಿಕ್ಕುವುದು ನಮ್ಮ ಹೆಂಗಸರಲ್ಲೂ ಇದೆ. ಸಿಗರೇಟಿನ ಹಾಗೆ ಅದರ ನಿಕೋಟಿನ್ ಕೂಡ ಸಣ್ಣ ರಕ್ತನಾಳ ಕುಗ್ಗಿಸುತ್ತದೆ. ಡಾಕ್ಟರು ‘ಸೇದ್ತೀರಾ’ ಅಂತ ಕೇಳಿದಾಗ ‘ಇಲ್ಲ’ ಅಂದು ಸುಮ್ಮನಾಗಬೇಡಿ, ಇದನ್ನೂ ಹೇಳಿ. ಆಪರೇಷನ್‌ಗೆ ಕಡಿಮೆ ಅಂದರೂ ನಾಲ್ಕು ವಾರ ಮೊದಲು ಬಿಡಬೇಕು.

ಕ್ಯಾನ್ಸರ್ ಸರ್ಜನ್, ಪ್ಲಾಸ್ಟಿಕ್ ಸರ್ಜನ್, ರೇಡಿಯೇಷನ್ ಡಾಕ್ಟರ್ ಮೂವರೂ ಆಪರೇಷನ್‌ಗೆ ಮೊದಲು ನಿಮ್ಮ ಬಗ್ಗೆ ಒಟ್ಟಿಗೆ ಮಾತಾಡಲಿ. ಇದನ್ನು ಹಟ ಹಿಡಿದು ಮಾಡಿಸಿ. ಎಲ್ಲಿ ಕೊಯ್ಯಬೇಕು, ಎಷ್ಟು ಚರ್ಮ ಉಳಿಸಬೇಕು, ತೊಟ್ಟು ಉಳಿಸಬಹುದಾ ಅನ್ನುವುದು ತೀರ್ಮಾನವಾಗುವುದು ಆ ಮೊದಲ ಆಪರೇಷನ್‌ನಲ್ಲೇ. ಆಪರೇಷನ್ ನಡುವೆ ಚರ್ಮದಲ್ಲಿ ರಕ್ತ ಸಾಲದು ಅನಿಸಿದರೆ ಏನು ಮಾಡುತ್ತೀರಿ ಅಂತಲೂ ಕೇಳಿ. ‘ಆಗ ಇಂಪ್ಲಾಂಟ್ ಇಡದೆ ಮುಂದೂಡುತ್ತೇನೆ’ ಅನ್ನುವ ಸರ್ಜನ್ ಸಿಕ್ಕರೆ ನಂಬಿ ಮಲಗಿ.

ಅತ್ತೆಯವರ ಮಾತಿಗೆ: ಸ್ತನ ಕಟ್ಟಿಸಿಕೊಳ್ಳಲು ವಯಸ್ಸಿನ ಗೆರೆ ಇಲ್ಲ. ಕಟ್ಟಿಸಿಕೊಳ್ಳಲೇಬೇಕು ಅನ್ನುವ ನಿಯಮವೂ ಇಲ್ಲ. ಕಟ್ಟಿಸಿಕೊಂಡರೆ ಕ್ಯಾನ್ಸರ್ ಮರಳುವ ಸಂಭವ ಹೆಚ್ಚುವುದಿಲ್ಲ. ಅವರಿಗೆ ಹೆದರಿಕೆ ಇರುವುದು ಎರಡನೇ ಆಪರೇಷನ್ ಬಗ್ಗೆ ಇರಬಹುದು. ಒಮ್ಮೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ತೀರ್ಮಾನ ಮಾತ್ರ ನಿಮ್ಮದು, ಅಕ್ಕೋರೇ.

ಪ್ರಶ್ನೆ: ನಮ್ಮ ಅವ್ವನಿಗೆ ಮೂರು ವರ್ಷದ ಹಿಂದೆ ಇಂಪ್ಲಾಂಟ್ ಇಟ್ಟಿದ್ದಾರೆ. ಇಂಪ್ಲಾಂಟಿಂದಲೇ ಇನ್ನೊಂದು ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಬಂದಿದೆ. ತೆಗೆಸಬೇಕಾ? (ಹಾವೇರಿ)

ಉತ್ತರ: ಅವ್ವನಿಗೆ ತೊಂದರೆ ಏನೂ ಇಲ್ಲ ಅಂದರೆ ತೆಗೆಸಬೇಡಿ. ವಿಡಿಯೋದಲ್ಲಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಒಂದು ಜಾತಿಯ ಲಿಂಫೋಮಾ, ಅಂದರೆ ರೋಗನಿರೋಧಕ ಕಣಗಳ ಕ್ಯಾನ್ಸರ್, ಬರುವುದುಂಟು. ಇದು ಸ್ತನ ಕ್ಯಾನ್ಸರ್ ಅಲ್ಲ, ಬಹಳ ಅಪರೂಪ. ಕಂಡುಬಂದಿರುವುದು ಹೆಚ್ಚಾಗಿ ಮೇಲ್ಮೈ ಒರಟಾಗಿರುವ ಇಂಪ್ಲಾಂಟ್ ಇಟ್ಟವರಲ್ಲಿ. ಈ ಕಾರಣಕ್ಕೇ 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನ ಎಲ್ಲ ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಆಗಲೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ತೊಂದರೆ ಇಲ್ಲದವರು ತೆಗೆಸಬೇಕಿಲ್ಲ ಅಂತಲೇ ಹೇಳಿತು.

ನೀವು ಮಾಡಬೇಕಾದ್ದು ಇಷ್ಟು. ಆಪರೇಷನ್ ಆದಾಗ ಕೊಟ್ಟ ಇಂಪ್ಲಾಂಟ್ ಕಾರ್ಡ್ ಹುಡುಕಿ. ಕಂಪನಿ, ಮಾದರಿ, ಸೀರಿಯಲ್ ನಂಬರ್ ಅದರಲ್ಲಿರುತ್ತದೆ. ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲ್‌ನಲ್ಲಿ ಇಡಿ. ಕಾರ್ಡ್ ಸಿಗದಿದ್ದರೆ ಆಸ್ಪತ್ರೆಯ ದಾಖಲೆಯಲ್ಲಿ ಸ್ಟಿಕ್ಕರ್ ಇರುತ್ತದೆ, ಕೇಳಿ ಪಡೆಯಿರಿ. ವರ್ಷಗಳ ಮೇಲೆ ಆ ಕಡೆ ಇದ್ದಕ್ಕಿದ್ದ ಹಾಗೆ ಊದಿಕೊಂಡರೆ, ಗಂಟು ಸಿಕ್ಕರೆ, ತಡ ಮಾಡದೆ ತೋರಿಸಿ. ಸೂಜಿ ಹಾಕಿ ಊತದೊಳಗಿನ ನೀರನ್ನು ಪರೀಕ್ಷೆಗೆ ಕಳಿಸಬೇಕು. ಬೇಗ ಗೊತ್ತಾದರೆ ಇಂಪ್ಲಾಂಟನ್ನು ಪೊರೆ ಸಮೇತ ತೆಗೆಯುವುದರಿಂದಲೇ ಬಹಳ ಜನ ಗುಣವಾಗುತ್ತಾರೆ.

ಇನ್ನೊಂದು ಮಾತು. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತು ಅಲ್ಲ. ವರ್ಷ ಕಳೆದಂತೆ ಬದಲಿಸಬೇಕಾದ ಸಂಭವ ಏರುತ್ತದೆ. ಸಿಲಿಕೋನ್ ಜೆಲ್ ಇಂಪ್ಲಾಂಟ್ ಒಳಗೊಳಗೇ ಒಡೆದರೂ ಹೊರಗೆ ಗೊತ್ತಾಗದೆ ಇರಬಹುದು. ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಅನ್ನುವುದು ಎಫ್‌ಡಿಎ ಸಲಹೆ. ಖಾಯಂ ಇಂಪ್ಲಾಂಟ್ ಇದ್ದವರು ಎಂಆರ್‌ಐ ಮಾಡಿಸಬಹುದು, ಅದಕ್ಕೆ ಹೆದರಬೇಡಿ.

ಪ್ರಶ್ನೆ: ನನ್ನ ಹೆಂಡತಿಗೆ ಸ್ತನ ತೆಗೆದು ಇಂಪ್ಲಾಂಟ್ ಇಟ್ಟರು. ಇನ್ಶೂರೆನ್ಸ್‌ನವರು ಕ್ಯಾನ್ಸರ್ ಆಪರೇಷನ್ ಹಣ ಕೊಟ್ಟು, ಇಂಪ್ಲಾಂಟ್ ಮಾತ್ರ ಅಂದಕ್ಕಾಗಿ ಮಾಡಿಸಿದ್ದು ಅಂತ ತಿರಸ್ಕರಿಸಿದ್ದಾರೆ. (ಧಾರವಾಡ)

ಉತ್ತರ: ಈ ಪತ್ರ ಓದಿ ನನಗೆ ಸಿಟ್ಟೇ ಬಂತು. ಸುಮ್ಮನೆ ಬಿಡಬೇಡಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಎಲ್ಲ ಆರೋಗ್ಯ ವಿಮೆಗಳಿಗೂ ಹಾಕಿಕೊಟ್ಟ ಷರತ್ತಿನ ಒಕ್ಕಣೆ ಇದೆ. ಅದರಲ್ಲಿ ಸೌಂದರ್ಯಕ್ಕಾಗಿ ಮಾಡಿಸುವ ಪ್ಲಾಸ್ಟಿಕ್ ಸರ್ಜರಿಗೆ ಹಣ ಇಲ್ಲ ಅಂತಿದೆ. ಆದರೆ ಅದೇ ವಾಕ್ಯದಲ್ಲೇ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್ರಚನೆಗೆ ಈ ನಿರ್ಬಂಧ ಇಲ್ಲ ಅಂತಲೂ ಇದೆ. ನಿಮ್ಮ ಪಾಲಿಸಿಯ ‘ಎಕ್ಸ್‌ಕ್ಲೂಷನ್’ ಪುಟದಲ್ಲಿ 08 ಅನ್ನುವ ಕೋಡ್ ಹುಡುಕಿ, ಆ ಸಾಲಿಗೆ ಗೆರೆ ಎಳೆಯಿರಿ. ಸರ್ಜನ್ ಹತ್ತಿರ ‘ಸ್ತನ ಕ್ಯಾನ್ಸರ್ ಆಪರೇಷನ್ ನಂತರದ ಪುನರ್ರಚನೆ’ ಅಂತ ಸ್ಪಷ್ಟವಾಗಿ ಬರೆಸಿ ಪತ್ರ ತೆಗೆದುಕೊಳ್ಳಿ. ಎರಡನ್ನೂ ಸೇರಿಸಿ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ದೂರು ಕೊಡಿ. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ.

ಆಯುಷ್ಮಾನ್ ಕಾರ್ಡಿನಲ್ಲಿ ಆಪರೇಷನ್ ಮಾಡಿಸುವವರು ಯಾವುದಕ್ಕೆ ಮಂಜೂರಾತಿ ಇದೆ, ಇಂಪ್ಲಾಂಟ್ ಮತ್ತು ಮೆಶ್ ಹಣ ಯಾರು ಕೊಡಬೇಕು ಅಂತ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿಕೊಳ್ಳಿ.

ಪ್ರಶ್ನೆ: ನನಗೆ 51. ಆರು ವರ್ಷದ ಹಿಂದೆ ಬಲಗಡೆ ತೆಗೆದು 25 ಸಲ ಕರೆಂಟ್ ಕೊಟ್ಟಿದ್ದಾರೆ. ಬ್ರಾ ಒಳಗೆ ಕರ್ಚೀಫು ಮಡಚಿಟ್ಟುಕೊಂಡು ಓಡಾಡುತ್ತೇನೆ. ಈಗ ಇಂಪ್ಲಾಂಟ್ ಇಡಿಸಬಹುದಾ? (ಹಳೇ ಹುಬ್ಬಳ್ಳಿ)

ಉತ್ತರ: ತಂಗಿ, ಸಮಯ ಮೀರಿಲ್ಲ. ಆದರೆ ಬರೀ ಇಂಪ್ಲಾಂಟ್ ಬೇಡ. ರೇಡಿಯೇಷನ್ ಆದ ಚರ್ಮ ಚೆನ್ನಾಗಿ ಹಿಗ್ಗುವುದಿಲ್ಲ, ಎಕ್ಸ್‌ಪಾಂಡರ್ ತುಂಬಿದರೆ ಚರ್ಮ ತೆಳುವಾಗಿ ಒಡೆಯುವ ಭಯ ಇದೆ. ಬೆನ್ನಿನ ಅಗಲವಾದ ಸ್ನಾಯುವನ್ನು ಅದರ ಮೇಲಿನ ಚರ್ಮ ಸಮೇತ, ರಕ್ತನಾಳ ಕಡಿಯದೆ ಮುಂದಕ್ಕೆ ತಂದು, ಅದರಡಿ ಇಂಪ್ಲಾಂಟ್ ಇಡಬಹುದು. ಅಥವಾ ಹೊಟ್ಟೆಯಿಂದ ಕಟ್ಟಬಹುದು, ಆಗ ಇಂಪ್ಲಾಂಟೇ ಬೇಡ. ಹೊಟ್ಟೆಯದ್ದು ದೊಡ್ಡ ಆಪರೇಷನ್, ಹೆಚ್ಚಾಗಿ ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳ ಜೋಡಿಸಬೇಕಾಗುತ್ತದೆ, ಅದರಲ್ಲಿ ಪಳಗಿದ ತಂಡ ಇರುವ ಕಡೆಯೇ ಮಾಡಿಸಿ.

ಆಪರೇಷನ್ ಬೇಡ ಅನಿಸಿದರೂ ಕರ್ಚೀಫು ಬಿಡಿ. ಅದಕ್ಕೆ ತೂಕ ಇಲ್ಲ, ಒಂದು ಕಡೆ ಹಗುರಾಗಿ ಭುಜ ವಾಲುತ್ತದೆ, ಕತ್ತು ನೋಯುತ್ತದೆ. ಹೊರಗಿನಿಂದ ಇಡುವ ಸಿಲಿಕೋನ್ ಸ್ತನ, ಅದಕ್ಕೇ ಜೇಬು ಇರುವ ಬ್ರಾ ಸಿಗುತ್ತವೆ. ಇನ್ನೊಂದು ಕಡೆಯ ತೂಕಕ್ಕೆ ಸರಿಯಾಗಿ ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಬೆವರಿದರೆ ಒಳಗೆ ಹತ್ತಿ ಬಟ್ಟೆಯ ಕವರ್ ಹಾಕಿ.

ಪ್ರಶ್ನೆ: ಇಂಪ್ಲಾಂಟ್ ಇಟ್ಟ ಕಡೆ ಮುಟ್ಟಿದರೆ ಗೊತ್ತೇ ಆಗುವುದಿಲ್ಲ. ನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳಬಹುದಾ? (ರಾಣೆಬೆನ್ನೂರು)

ಉತ್ತರ: ಬೇಡವೇ ಬೇಡ. ಸ್ತನ ತೆಗೆಯುವಾಗ ಚರ್ಮಕ್ಕೆ ಹೋಗುವ ಸಣ್ಣ ನರಗಳು ಕಡಿಯುತ್ತವೆ. ಕೆಲವರಿಗೆ ಒಂದೆರಡು ವರ್ಷದಲ್ಲಿ ಅಂಚಿನ ಕಡೆ ಸ್ವಲ್ಪ ಸ್ಪರ್ಶ ಮರಳುತ್ತದೆ, ಮೊದಲಿನಷ್ಟು ಬರುವುದಿಲ್ಲ. ಬಿಸಿ ಗೊತ್ತಾಗದೆ ಚರ್ಮ ಸುಟ್ಟು, ಬೊಬ್ಬೆ ಎದ್ದ ಮೇಲೆ ಬಂದವರಿಗೆ ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ. ಅಡಿಗೆ ಇಂಪ್ಲಾಂಟ್ ಇರುವಾಗ ಸಣ್ಣ ಸುಟ್ಟಗಾಯವೂ ದೊಡ್ಡದಾಗಬಹುದು. ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್, ಐಸ್, ಮೂರೂ ಬೇಡ. ಸ್ನಾನದ ನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡಿ, ಆಮೇಲೆ ಎದೆಗೆ ಹಾಕಿಕೊಳ್ಳಿ. ಒಗ್ಗರಣೆ ಹಾಕುವಾಗ ಸೆರಗು ಎದೆ ತುಂಬಾ ಇರಲಿ. ನೋವು ಹೊಸದಾಗಿ ಶುರುವಾಗಿದ್ದರೆ, ಕೆಂಪಾಗಿದ್ದರೆ, ಜ್ವರ ಇದ್ದರೆ ನಾಳೆಗೆ ಕಾಯದೆ ಇವತ್ತೇ ನಿಮ್ಮ ಸರ್ಜನ್‌ಗೆ ತೋರಿಸಿ.